ಕೊಡಗಿನ ಕಾಲೇಜು ಕಟ್ಟಡವನ್ನು ಜುಲೈನಲ್ಲಿ ನೋಡಬೇಕು

ಕೊಡಗಿನ ಬಹುತೇಕ ಕಾಲೇಜುಗಳ ಪ್ರವೇಶ ಕೈಪಿಡಿಯನ್ನು ತೆರೆದರೆ ಮೊದಲ ಪುಟದಲ್ಲೇ ನೀಲಿ ಆಕಾಶ, ಹುಲ್ಲುಹಾಸು, ಹೊಸದಾಗಿ ಬಣ್ಣ ಬಳಿದ ಮುಂಭಾಗ ಕಾಣಿಸುತ್ತವೆ. ಛಾಯಾಗ್ರಾಹಕರನ್ನು ಕರೆಸುವುದು ಡಿಸೆಂಬರ್ ಅಥವಾ ಜನವರಿಯಲ್ಲಿ. ಮಕ್ಕಳು ಬಂದು ಸೇರುವುದು ಮುಂಗಾರು ಹಿಡಿದ ಮೇಲೆ. ಆದ್ದರಿಂದ ಕೈಪಿಡಿಯಲ್ಲಿರುವ ಕಟ್ಟಡಕ್ಕೂ ಅವರು ಕೊಡೆ ಮಡಚಿಕೊಂಡು ಕಾಲಿಡುವ ಕಟ್ಟಡಕ್ಕೂ ಮೊದಲ ಮೂರು ತಿಂಗಳು ಹೆಚ್ಚಿನ ಸಂಬಂಧವಿರುವುದಿಲ್ಲ. ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ, ನಡುವೆ ಕೆಲವು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು, ಈಗ ಕಟ್ಟಡ ಸಮಿತಿಯ ಸಭೆಗಳಲ್ಲಿ ಕೂರುತ್ತಿರುವ ನನಗೆ ಒಂದು ವಿಷಯದಲ್ಲಿ ಅನುಮಾನವೇ ಉಳಿದಿಲ್ಲ: ಇಲ್ಲಿ ಕಾಲೇಜು ಕಟ್ಟಡದ ಯೋಗ್ಯತೆಯನ್ನು ಅಳೆಯಬೇಕಾದದ್ದು ಜುಲೈ ತಿಂಗಳಲ್ಲಿ, ಅದೂ ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ.

ಉನ್ನತ ಶಿಕ್ಷಣಕ್ಕೆ ಕೊಡಗು ಹೊಸದಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ, ಅಂದರೆ 1956ರಲ್ಲಿ ಕೊಡಗು ಮೈಸೂರು ರಾಜ್ಯದೊಂದಿಗೆ ವಿಲೀನವಾಗುವ ಮೊದಲೇ; ಅದೇ ಇಂದಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರದು, ಮಡಿಕೇರಿಯ ವೈದ್ಯಕೀಯ ಕಾಲೇಜು 2016ರದು. ಚಿಕ್ಕಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವೇ ತಲೆಯೆತ್ತಿತು. ಪಟ್ಟಿ ಉದ್ದವಾಗಿದೆ, ಹೆಮ್ಮೆಯದ್ದೂ ಆಗಿದೆ. ಆದರೆ ಈ ಊರುಗಳ ಮಳೆ ಒಂದೇ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿದರೆ, ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು. ಕುಶಾಲನಗರದ ಬಯಲಿಗಿಳಿದರೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಅರ್ಧ ದಿನದಲ್ಲಿ ಬಸ್ಸಿನಲ್ಲಿ ದಾಟಬಹುದಾದ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸವಿರುವಾಗ, ಬೆಂಗಳೂರಿನಲ್ಲಿ ಒಮ್ಮೆ ಬರೆದ ಮಾದರಿ ನಕ್ಷೆಯನ್ನೇ ಎಲ್ಲ ಕಡೆಗೂ ಹಂಚಿದರೆ ಏನಾಗುತ್ತದೆ ಎಂಬುದನ್ನು ನಾವು ಪ್ರತಿ ಮಳೆಗಾಲದಲ್ಲಿ ಬಕೆಟ್ ಇಟ್ಟು ನೋಡುತ್ತಿದ್ದೇವೆ.

ಮಾತು ಚಾವಣಿಯಿಂದಲೇ ಶುರುವಾಗಬೇಕು. ಮಾದರಿ ನಕ್ಷೆಗಳಲ್ಲಿ ಇರುವುದು ಸಮತಟ್ಟಾದ ಆರ್‌ಸಿಸಿ ತಾರಸಿ. ಅದರ ಮೇಲೆ ಬಿದ್ದ ನೀರು ಮೂಲೆಯ ಪೈಪಿನ ಬಾಯಿಗೆ ಹರಿದು ಹೋಗಲಿ ಎಂದು ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಮಳೆ ಕಡಿಮೆಯಿರುವ ಊರಿನಲ್ಲಿ ಇಷ್ಟು ಸಾಕು. ನಮ್ಮಲ್ಲಿ ಕಾಲೇಜಿನ ಸುತ್ತ ಕಾಫಿ ತೋಟ, ತೋಟದ ಅಂಚಿಗೆ ಸಿಲ್ವರ್ ಮರ. ಅದರ ಎಲೆ ಮೇ ತಿಂಗಳ ಗಾಳಿಗೆ ಬಂದು ಪೈಪಿನ ಬಾಯಿಯಲ್ಲಿ ಕೂತರೆ ಜೂನ್ ಮೊದಲ ವಾರದಲ್ಲೇ ತಾರಸಿಯು ಕೆರೆಯಾಗುತ್ತದೆ. ನಿಂತ ನೀರು ಕಾಂಕ್ರೀಟಿನ ಕೂದಲೆಳೆಯ ಬಿರುಕುಗಳನ್ನು ಹುಡುಕಿಕೊಂಡು ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕೆಳಗಿನ ಗಾರೆಯನ್ನು ತಳ್ಳುತ್ತದೆ. ಹಿಂದಿನ ಬೆಂಚಿನ ಮೇಲೆ ಗಾರೆಯ ಹಕ್ಕಳೆಗಳು ಉದುರುವ ಹೊತ್ತಿಗೆ ಹಾನಿ ಆಗಿ ಕೆಲವು ವರ್ಷಗಳೇ ಕಳೆದಿರುತ್ತವೆ.

ನೀರಿನ ಪ್ರಮಾಣವನ್ನು ಲೆಕ್ಕ ಹಾಕಿದರೆ ಇದರ ಗಾತ್ರ ತಿಳಿಯುತ್ತದೆ. 500 ಚದರ ಮೀಟರಿನ ಸಾಧಾರಣ ಕಟ್ಟಡವೊಂದರ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಆ ಚಾವಣಿಯಿಂದ ಇಳಿಯಬೇಕಾದ ನೀರು 50,000 ಲೀಟರ್. ಮಡಿಕೇರಿಯ ಸುತ್ತ ಜುಲೈನಲ್ಲಿ ಅಂಥ ದಿನ ಅಪರೂಪವಲ್ಲ. ಅಷ್ಟು ನೀರನ್ನು ನಾಲ್ಕು ಅಂಗುಲದ ನಾಲ್ಕು ಪೈಪುಗಳಿಗೆ ಒಪ್ಪಿಸಿ ಕೂರುವುದು ಧೈರ್ಯದ ಕೆಲಸವೇ ಸರಿ.

ಹಳಬರು ಇದನ್ನು ಹೆಂಚಿನಲ್ಲಿ ಬಗೆಹರಿಸಿಕೊಂಡಿದ್ದರು. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಕಡಿದಾದ ಮಾಡು, ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿದ ಸೂರು, ಎತ್ತರದ ಜಗಲಿ ಇವೆಲ್ಲವೂ ನೀರನ್ನು ಗೋಡೆಯ ಹತ್ತಿರಕ್ಕೆ ಬಿಡಬಾರದೆಂಬ ಒಂದೇ ಉದ್ದೇಶಕ್ಕೆ ದುಡಿಯುತ್ತವೆ. ಮಂಗಳೂರು ಹೆಂಚು ಹೊದಿಸಿದ ಹಳೆಯ ಶಾಲಾ ಕಾಲೇಜು ಕಟ್ಟಡಗಳಲ್ಲೂ ಇದೇ ವಿವೇಕವಿದೆ. ಆದರೆ ಹೆಂಚಿನ ಮಾಡನ್ನು ಪ್ರತಿ ಬೇಸಿಗೆಯಲ್ಲಿ ಕೈಯಾಡಿಸಬೇಕು. ಕೋತಿ ಜರುಗಿಸಿದ ಹೆಂಚನ್ನು ಕೂರಿಸಬೇಕು, ಒಡೆದದ್ದನ್ನು ಬದಲಿಸಬೇಕು, ಗೆದ್ದಲು ತಿಂದ ರೀಪನ್ನು ತೆಗೆಯಬೇಕು. ಮಾಡು ಹತ್ತಿ ಈ ಕೆಲಸ ಮಾಡುವವರು ಈಗ ಸುಲಭವಾಗಿ ಸಿಗುವುದಿಲ್ಲ. ಮೂರು ಅಂತಸ್ತಿನ ಕಾಲೇಜಿಗೆ ಹೆಂಚು ಹೊದಿಸಿ ಎಂದು ನಾನು ಹೇಳುವುದೂ ಇಲ್ಲ.

ಜಿಲ್ಲೆಯ ಜನ ತಮ್ಮಷ್ಟಕ್ಕೆ ತಾವೇ ಕಂಡುಕೊಂಡ ಉತ್ತರ ಬೇರೆಯದು. ತಾರಸಿ ಹಾಕುತ್ತಾರೆ, ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುತ್ತಾರೆ. ಹೊರಗಿನಿಂದ ಬಂದ ವಾಸ್ತುಶಿಲ್ಪಿಗಳು ಇದನ್ನು ಕುರೂಪವೆಂದು ಮೂಗು ಮುರಿಯುವುದನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಇದು ಇಲ್ಲಿಗೆ ತಕ್ಕ ಅತ್ಯಂತ ಬುದ್ಧಿವಂತಿಕೆಯ ಚಾವಣಿ. ಬರೀ ಶೀಟಿನ ಕೆಳಗೆ ತರಗತಿ ನಡೆಸಿ ನೋಡಿದವರಿಗೆ ಗೊತ್ತು, ಮಳೆ ಜೋರಾದರೆ ಮುಂದಿನ ಬೆಂಚಿಗೂ ಮಾತು ಕೇಳಿಸುವುದಿಲ್ಲ. ಉಪನ್ಯಾಸಕರು ಬೋರ್ಡಿನ ಮೇಲೆ ಬರೆಯುತ್ತಾ ಮಳೆ ತಗ್ಗಲೆಂದು ಕಾಯಬೇಕು. ಬರೀ ತಾರಸಿಯಾದರೆ ಸೋರುತ್ತದೆ. ಎರಡೂ ಇದ್ದಾಗ ಶೀಟು ನೀರನ್ನು ತಡೆಯುತ್ತದೆ, ತಾರಸಿ ಸದ್ದನ್ನು ತಡೆಯುತ್ತದೆ, ನಡುವೆ ಗಾಳಿಯಾಡುವ ದೊಡ್ಡ ಜಾಗವೊಂದು ಪುಕ್ಕಟೆಯಾಗಿ ಸಿಗುತ್ತದೆ. ತಪ್ಪು ನಡೆಯುವುದು ಅನುದಾನದಲ್ಲಿ: ಮೂಲ ಅಂದಾಜಿನಲ್ಲಿ ಶೀಟಿನ ಮಾಡಿಗೆ ಹಣವಿರುವುದಿಲ್ಲ, ತಾರಸಿ ಸೋರಲು ಶುರುವಾದ ಮೇಲೆ ದುರಸ್ತಿಯ ಲೆಕ್ಕದಲ್ಲಿ ಅದು ಬರುತ್ತದೆ. ಆಗ ಚೌಕಟ್ಟನ್ನು ತಾರಸಿಗೆ ಮೊಳೆ ಹೊಡೆದು ಕೂರಿಸುತ್ತಾರೆ. ಆ ತೂತುಗಳೇ ಹೊಸ ಸೋರಿಕೆಗೆ ದಾರಿಯಾಗುತ್ತವೆ. ನಕ್ಷೆಯ ಹಂತದಲ್ಲೇ ಕಂಬಗಳನ್ನು ಮೇಲಕ್ಕೆ ಬಿಟ್ಟಿದ್ದರೆ ಇದರ ಅಗತ್ಯ ಬರುತ್ತಿರಲಿಲ್ಲ.

ಶೀಟಿನ ಮಾಡಿಗೆ ಇನ್ನೊಂದು ಉಪಯೋಗವಿದೆ. ಜುಲೈನಲ್ಲಿ ನೀರಿನಿಂದ ತತ್ತರಿಸುವ ಇದೇ ಆವರಣಗಳು ಮಾರ್ಚ್ ಕೊನೆಗೆ ಟ್ಯಾಂಕರ್ ತರಿಸುತ್ತವೆ. ಹಾಸ್ಟೆಲಿನ ಬಾವಿ ತಳ ಕಾಣುವಾಗ ಪಕ್ಕದ ತೋಟದವರು ಕಾಫಿ ಹೂವರಳಿಸುವ ಹೂಮಳೆಗೆ ಕಾದಷ್ಟೇ ಆಸೆಯಿಂದ ನಾವೂ ಕಾಯುತ್ತೇವೆ. ಶೀಟಿನ ಮೇಲೆ ಪಾಚಿ ಕಡಿಮೆ, ನೀರು ಹೆಚ್ಚು ಚೊಕ್ಕ; ದೊಡ್ಡ ಸಂಪೊಂದಕ್ಕೆ ಅದನ್ನು ಇಳಿಸಿ ಉಳಿದದ್ದನ್ನು ಬಾವಿಯ ಬದಿಗೆ ಇಂಗಿಸುವುದು ದೊಡ್ಡ ತಂತ್ರಜ್ಞಾನವೇನೂ ಅಲ್ಲ. ಆದರೆ ಇಂಗುಗುಂಡಿಯನ್ನು ಇಳಿಜಾರಿನ ನೆತ್ತಿಯಲ್ಲಿ, ತಡೆಗೋಡೆಯ ಬೆನ್ನಿಗೆ ತೋಡಬಾರದು. ಅದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗ್ರಂಥಾಲಯದ ವಿಷಯದಲ್ಲಿ ಎಂಜಿನಿಯರುಗಳ ವಾದ ಸರಿಯಾಗಿಯೇ ಇದೆ: ಪುಸ್ತಕಗಳ ಭಾರ ಹೆಚ್ಚು, ಆದ್ದರಿಂದ ಅದು ನೆಲ ಅಂತಸ್ತಿನಲ್ಲಿರಲಿ. ಬಯಲು ಸೀಮೆಯಲ್ಲಿ ಈ ವಾದಕ್ಕೆ ಎದುರು ಮಾತಿಲ್ಲ. ಗುಡ್ಡ ಕಡಿದು ಕಟ್ಟಿದ ಕಟ್ಟಡದಲ್ಲಿ ಮಾತ್ರ ನೆಲ ಅಂತಸ್ತಿನ ಹಿಂಗೋಡೆ ಮಣ್ಣಿಗೆ ಒರಗಿಕೊಂಡಿರುತ್ತದೆ, ಮಣ್ಣಿನೊಳಗಿನ ಒರತೆ ಆ ಗೋಡೆಯಲ್ಲಿ ತೇವವಾಗಿ ಮೂಡುತ್ತದೆ. ಗಾಳಿಯಲ್ಲಿನ ತೇವಾಂಶ ಶೇಕಡಾ 65-70ನ್ನು ದಾಟಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದು ಅದಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಬೂಷ್ಟು ಮೊದಲು ಕಾಣುವುದು ಬಟ್ಟೆ ಹೊದಿಸಿದ ಹಳೆಯ ರಟ್ಟಿನ ಮೇಲೆ, ಬೆನ್ನಿನ ಮಡಿಕೆಯಲ್ಲಿ, ಬೂದಿ ಉದುರಿಸಿದಂತೆ. ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಬೆಲೆಬಾಳುವ ಗ್ರಂಥಗಳನ್ನು ಗಾಜಿನ ಬಾಗಿಲಿನ ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿಯುವುದು ರೂಢಿ. ಗಾಳಿಯಾಡದ ಬೀರುವಿನಲ್ಲೇ ಅವು ಬೇಗ ಹಾಳಾಗುತ್ತವೆ. ತೆರೆದ ಕಪಾಟು, ಹೊರಗೋಡೆಯಿಂದ ಒಂದಡಿಯಾದರೂ ಅಂತರ, ಮೊದಲ ಅಂತಸ್ತು, ಪಶ್ಚಿಮದ ಮಳೆಗೆ ಮುಖ ಕೊಡದ ಕಿಟಕಿ: ಇಷ್ಟಿದ್ದರೆ ನಾಫ್ತಲೀನ್ ಗುಳಿಗೆಗಳ ಖರ್ಚು ಅರ್ಧ ಉಳಿಯುತ್ತದೆ. ಮೊದಲ ಅಂತಸ್ತಿಗೆ ಬೇಕಾದ ಭಾರ ಹೊರುವ ತೊಲೆಗಳನ್ನು ನಕ್ಷೆಯಲ್ಲೇ ಕೇಳಿ ಪಡೆಯಬೇಕು, ಅಷ್ಟೇ.

ಪ್ರಯೋಗಾಲಯದ ಕಷ್ಟ ನನಗೆ ಇನ್ನೂ ಹತ್ತಿರದ್ದು. ಸೂಕ್ಷ್ಮದರ್ಶಕದ ಮಸೂರದ ಮೇಲೆ ಶಿಲೀಂಧ್ರ ಬೆಳೆದರೆ ಜೇಡರ ಬಲೆಯಂಥ ಸಣ್ಣ ಎಳೆಗಳು ಕಾಣಿಸುತ್ತವೆ. ಅವು ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತವೆ, ಆಮೇಲೆ ಒರೆಸಿ ಪ್ರಯೋಜನವಿಲ್ಲ. ಹಿಂದೆ ಇದಕ್ಕೊಂದು ಸುಲಭ ಉಪಾಯವಿತ್ತು. ಮರದ ಬೀರುವಿನ ತಳದಲ್ಲಿ 40 ವ್ಯಾಟಿನ ಹಳೆಯ ಬಲ್ಬೊಂದನ್ನು ಹಗಲಿರುಳು ಉರಿಸಿಟ್ಟರೆ ಒಳಗಿನ ಗಾಳಿ ಬೆಚ್ಚಗಿದ್ದು ಒಣಗಿರುತ್ತಿತ್ತು. ವಿದ್ಯುತ್ ಉಳಿತಾಯದ ಹೆಸರಿನಲ್ಲಿ ಎಲ್ಲ ಬಲ್ಬುಗಳನ್ನೂ ಎಲ್‌ಇಡಿಗೆ ಬದಲಿಸಿದಾಗ ಬೀರುವಿನ ಬಲ್ಬೂ ಬದಲಾಯಿತು. ಎಲ್‌ಇಡಿ ಬೆಳಕು ಕೊಡುತ್ತದೆ, ಆ ಕಾವು ಕೊಡುವುದಿಲ್ಲ. ಈಗ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುತ್ತೇವೆ. ತೇವ ಹೀರಿ ನೀಲಿಯಿಂದ ಗುಲಾಬಿಗೆ ತಿರುಗಿದಾಗ ಓವನ್ನಿನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಬೇಕು. ಬೇಸಿಗೆಯಲ್ಲಿ ವಾರಗಟ್ಟಲೆ ನೀಲಿಯಾಗಿಯೇ ಉಳಿಯುವ ಹರಳು ಜುಲೈನಲ್ಲಿ ಎರಡು ಮೂರು ದಿನಕ್ಕೆ ಬಣ್ಣ ಕಳೆದುಕೊಳ್ಳುತ್ತದೆ.

ಗಿಡಗಳ ಮಾದರಿ ಒಣಗಿಸುವುದಂತೂ ಮಳೆಗಾಲದ ತಪಸ್ಸು. ಕರ್ಣಕುಂಡಲದ ಕಾಡು ಜಾತಿಗಳು ಹೂ ಬಿಡುವುದು ಮಳೆಯಲ್ಲೇ, ಆದ್ದರಿಂದ ಮಕ್ಕಳು ಅವನ್ನು ಸಂಗ್ರಹಿಸಬೇಕಾದದ್ದೂ ಆಗಲೇ. ರಸ ತುಂಬಿದ ಕಾಂಡವನ್ನು ಒತ್ತುಕಾಗದದ ನಡುವೆ ಇಟ್ಟು ಬಿಗಿದರೆ ಮರುದಿನಕ್ಕೆ ಕಾಗದ ಒದ್ದೆ. ಕಾಗದವನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗಿ ಲೋಳೆಯಾಗುತ್ತದೆ. ಬದಲಿಸಲು ಒಣ ಕಾಗದ ಎಲ್ಲಿಂದ ಬರಬೇಕು? ಮರ ಬಿದ್ದು ಕರೆಂಟು ಹೋಗಿ ಓವನ್ ನಿಂತಾಗ ನಮ್ಮ ಅಟೆಂಡರ್ ಮಾದರಿಗಳನ್ನು ಬಿಗಿದ ಒತ್ತುಹಲಗೆಗಳನ್ನು ಹೊತ್ತು ಕ್ಯಾಂಟೀನಿಗೆ ಹೋಗುತ್ತಾರೆ, ಕಾಫಿ ಕಾಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಅವನ್ನು ಜೋಡಿಸುತ್ತಾರೆ. ನಮ್ಮ ಸಂಗ್ರಹದ ಕೆಲವು ಉತ್ತಮ ಮಾದರಿಗಳಿಗೆ ಈಗಲೂ ಸೌದೆ ಹೊಗೆಯ ವಾಸನೆಯಿದೆ. ಕಟ್ಟಡ ಸಮಿತಿಯಲ್ಲಿ ಹೊಸ ವಿಜ್ಞಾನ ವಿಭಾಗದ ನಕ್ಷೆ ಬಂದಾಗ ನಾನು ಮೊದಲು ಕೇಳಿದ್ದು ಜನರೇಟರಿಗೆ ಜೋಡಿಸಿದ ಒಣಕೋಣೆಯೊಂದನ್ನು. ಸಿಕ್ಕಿದ್ದು ಕರಿಕಲ್ಲು ಹೊದಿಸಿದ ಸ್ವಾಗತ ಕಟ್ಟೆ.

ಒಣಕೋಣೆ ಹಾಸ್ಟೆಲಿಗೆ ಇನ್ನೂ ಹೆಚ್ಚು ಬೇಕು. ಮಳೆಗಾಲದ ಹಾಸ್ಟೆಲಿನಲ್ಲಿ ಮಂಚದ ಸರಳು, ಕಿಟಕಿಯ ಕಂಬಿ, ಬಾಗಿಲ ಹಿಂದಿನ ಮೊಳೆ ಎಲ್ಲವೂ ಬಟ್ಟೆ ಹರವುವ ಜಾಗಗಳೇ. ಕೋಣೆಯೊಳಗೆ ಒದ್ದೆ ಬಟ್ಟೆ ಹರವಿದಷ್ಟೂ ಗೋಡೆಗೆ ತೇವ ಹೆಚ್ಚು, ಹಾಸಿಗೆಗೆ ಬೂಷ್ಟು ಹೆಚ್ಚು. ಕೆಮ್ಮು ಹಿಡಿದ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ವಾರ್ಡನ್ನಿನ ದಿನಚರಿಯಾಗುತ್ತದೆ. ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಪದ್ಧತಿ ಇದ್ದೇ ಇದೆ. ಅದನ್ನೇ ಹಾಸ್ಟೆಲಿನ ಅಳತೆಗೆ ಹಿಗ್ಗಿಸಬಹುದು: ಬಿಸಿನೀರಿನ ಬಾಯ್ಲರ್ ಕೂರುವ ಗೋಡೆಗೆ ಅಂಟಿಕೊಂಡು ಉದ್ದನೆಯ ಕೋಣೆ, ಎದುರು ಗೋಡೆಯಲ್ಲಿ ತೇವದ ಗಾಳಿಯನ್ನು ಹೊರಗೆಳೆಯುವ ಫ್ಯಾನು, ಒಳಗೆ ಸಾಲು ಸಾಲು ತಂತಿ. ತಾರಸಿಯ ಮೇಲಿನ ಶೀಟಿನಡಿಯ ಜಾಗವನ್ನು ಸುತ್ತ ಜಾಲರಿ ಬಿಗಿದು ಇದಕ್ಕೆ ಬಿಟ್ಟುಕೊಟ್ಟರೂ ಅರ್ಧ ಸಮಸ್ಯೆ ಮುಗಿಯುತ್ತದೆ. ಸೋಲಾರ್ ವಾಟರ್ ಹೀಟರನ್ನು ಹಾಕಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಬಿಸಿನೀರು ನಿಜವಾಗಿ ಬೇಕಾಗುವ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಕೊಡವ ತಿಂಗಳ, ದಿನಗಳಲ್ಲಿ ಸೂರ್ಯನೇ ರಜೆಯಲ್ಲಿರುತ್ತಾನೆ. ತೋಟಗಳಲ್ಲಿ ಮರ ಕಪಾತಾದಾಗ ಸಿಗುವ ಸೌದೆಯನ್ನು ಬೇಸಿಗೆಯಲ್ಲೇ ತಂದು ಕೊಟ್ಟಿಗೆಯಲ್ಲಿ ಒಟ್ಟಿಟ್ಟುಕೊಂಡ ಹಾಸ್ಟೆಲಿಗೆ ಆ ಚಿಂತೆಯಿಲ್ಲ.

ಪಡಸಾಲೆಯ ವಿಷಯವನ್ನು ಬೇಗ ಹೇಳಿಬಿಡಬಹುದು. ಆರಡಿ ಅಗಲದ, ಪಶ್ಚಿಮಕ್ಕೆ ತೆರೆದ ಪಡಸಾಲೆಗೆ ಎರಡಡಿ ಸಜ್ಜೆ ಕೊಟ್ಟರೆ ಎರಚಲು ತರಗತಿಯ ಬಾಗಿಲನ್ನು ಮುಟ್ಟುತ್ತದೆ. ಅದರ ಮೇಲೆ ಹೊಳೆಯುವ ಟೈಲ್ಸ್ ಹಾಕಿದರೆ ವರ್ಷಕ್ಕೊಂದು ಕೈ ಮುರಿಯುವುದು ಖಾತ್ರಿ. ಒರಟು ಕಲ್ಲು ಹಾಸಿ, ಸೂರನ್ನು ಚಾಚಿ, ಪ್ರತಿ ಬಾಗಿಲ ಬಳಿ ನೀರು ಬಸಿದು ಹೋಗುವ ಕೊಡೆ ತೊಟ್ಟಿಯನ್ನಿಡಬೇಕು. ನೂರಾರು ಕೊಡೆಗಳು ದಿನವೂ ಬರುವ ಕಟ್ಟಡಕ್ಕೆ ಕೊಡೆ ಇಡುವ ಸ್ಥಳವನ್ನು ಯಾವ ನಕ್ಷೆಯಲ್ಲೂ ಗುರುತಿಸಿದ್ದನ್ನು ನಾನು ಕಂಡಿಲ್ಲ. ಶೌಚಾಲಯವನ್ನು ಮುಖ್ಯ ಕಟ್ಟಡದಿಂದ ದೂರ, ಮಳೆಯಲ್ಲಿ ನೆನೆದುಕೊಂಡು ಹೋಗುವಂತೆ ಕಟ್ಟಿದರೆ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಾರೆ. ಬಸ್ಸಿನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬರುವವರ ಮಟ್ಟಿಗೆ ಇದು ಆರೋಗ್ಯದ ಪ್ರಶ್ನೆ, ಇದರಲ್ಲಿ ಚರ್ಚೆಗೇನೂ ಇಲ್ಲ.

ನೆಲದ ವಿಷಯಕ್ಕೆ ಬರುತ್ತೇನೆ. ಗುಡ್ಡದ ಮೇಲೆ ಕಾಲೇಜು ಕಟ್ಟುವುದೆಂದರೆ ಇಳಿಜಾರನ್ನು ಒಂದು ಕಡೆ ಕಡಿದು, ಆ ಮಣ್ಣನ್ನು ಇನ್ನೊಂದು ಕಡೆ ತುಂಬಿ ತಟ್ಟು ಮಾಡುವುದು ಎಂದೇ ಗುತ್ತಿಗೆದಾರರು ತಿಳಿದಿದ್ದಾರೆ. ಜೆಸಿಬಿ ಬಂದ ಮೇಲೆ ಅದು ದಿನಗಳ ಕೆಲಸವಾಗಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಗಳಲ್ಲಿ ಗುಡ್ಡಗಳೇ ಇಳಿದುಬಂದ ನಂತರ ಪರಿಶೀಲನೆಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಾಯಿಸಿದ್ದನ್ನೂ ಕಾರಣವಾಗಿ ಎತ್ತಿ ತೋರಿಸಿದರು. ಕಡಿದ ಬರೆಗೆ ತಡೆಗೋಡೆ ಕಟ್ಟಿದರೆ ಸಾಕೆಂಬ ನಂಬಿಕೆ ಇನ್ನೂ ಹೋಗಿಲ್ಲ. ಒಳ್ಳೆಯ ತಡೆಗೋಡೆ ಬೀಳುವುದು ಬಹುತೇಕ ಮಣ್ಣಿನ ಭಾರದಿಂದಲ್ಲ, ಮಣ್ಣಿನೊಳಗೆ ಕಟ್ಟಿಕೊಂಡ ನೀರಿನ ಒತ್ತಡದಿಂದ. ಗೋಡೆಯ ಬೆನ್ನಿಗೆ ಜಲ್ಲಿಯ ಪದರ ತುಂಬಿ, ಸಾಲಾಗಿ ನೀರುಗಂಡಿ ಬಿಟ್ಟು, ನೆತ್ತಿಯಲ್ಲಿ ನೀರನ್ನು ಬೇರೆಡೆಗೆ ತಿರುಗಿಸುವ ಚರಂಡಿ ತೆಗೆದಿರಬೇಕು. ಇಂಗುಗುಂಡಿಯನ್ನು ಅಲ್ಲಿ ತೋಡಬಾರದೆಂದದ್ದು ಇದಕ್ಕೇ. ಮಳೆಗಾಲದಲ್ಲಿ ಯಾವುದೇ ಆವರಣಕ್ಕೆ ಹೋದರೂ ನಾನು ತಡೆಗೋಡೆಯ ಗಂಡಿಗಳನ್ನು ನೋಡುತ್ತೇನೆ. ಅವುಗಳಿಂದ ತಿಳಿನೀರು ಸುರಿಯುತ್ತಿದ್ದರೆ ಸಮಾಧಾನ. ಕೆಂಪು ನೀರು ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಜೋರು ಮಳೆಯಲ್ಲೂ ಗಂಡಿಗಳು ಒಣಗಿದ್ದರೆ ಅವು ಮುಚ್ಚಿಹೋಗಿವೆ; ಆ ಗೋಡೆಯ ಕೆಳಗೆ ನಾನು ಕಾರು ನಿಲ್ಲಿಸುವುದಿಲ್ಲ.

ಒಂದೇ ದೊಡ್ಡ ತಟ್ಟಿನ ಬದಲು ಗುಡ್ಡದ ಮಟ್ಟಕ್ಕೆ ತಕ್ಕಂತೆ ಸಣ್ಣ ಸಣ್ಣ ಕಟ್ಟಡಗಳನ್ನು ಹಂತ ಹಂತವಾಗಿ ಕೂರಿಸುವುದು ಹೆಚ್ಚು ಕ್ಷೇಮ. ಅದಕ್ಕೂ ಒಂದು ಬೆಲೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕು. ಗಾಲಿಕುರ್ಚಿಗೆ ಬೇಕಾದ ಇಳಿಜಾರು 12ಕ್ಕೆ 1. ಮೂರಡಿ ಎತ್ತರ ಏರಲು 36 ಅಡಿ ಉದ್ದದ ರ‍್ಯಾಂಪ್ ಬೇಕೆಂದಾದರೆ, ಎರಡು ಕಟ್ಟಡಗಳ ನಡುವೆ 15 ಅಡಿ ಎತ್ತರದ ವ್ಯತ್ಯಾಸಕ್ಕೆ 180 ಅಡಿ, ಜೊತೆಗೆ ತಿರುವಿನ ತಂಗುದಾಣಗಳು. ಮೇಲ್ಗಡೆಯ ಕಟ್ಟಡದ ನೆಲಮಟ್ಟವೂ ಕೆಳಗಿನ ಕಟ್ಟಡದ ಮೊದಲ ಅಂತಸ್ತೂ ಒಂದೇ ಎತ್ತರಕ್ಕೆ ಬರುವಂತೆ ಯೋಚಿಸಿ ನಡುವೆ ಸೇತುವೆ ಹಾಕಿದರೆ ಈ ಉದ್ದವೆಲ್ಲ ಉಳಿಯುತ್ತದೆ, ಮಳೆಯಲ್ಲಿ ನೆನೆಯದೆ ಓಡಾಡುವ ದಾರಿಯೂ ಆಗುತ್ತದೆ. ಗುಡ್ಡವು ಬಯಲಿಗಿಂತ ಅನುಕೂಲವಾಗಿರುವ ಅಪರೂಪದ ಸಂದರ್ಭವಿದು. ಇದನ್ನು ಬಳಸಿಕೊಂಡವರು ಕಡಿಮೆ.

ಆಟದ ಮೈದಾನದ ಬಗ್ಗೆ ಬರೆಯಲು ಹೆಚ್ಚಿಲ್ಲ, ಏಕೆಂದರೆ ಆ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ಬೇಸಿಗೆಯ ಮೈದಾನವನ್ನು ಸಜ್ಜು ಮಾಡುವ ಕಲೆ ಊರೂರಿಗೂ ಬಂದಿದೆ. ಮಳೆಗಾಲಕ್ಕೆ ಕೆಸರುಗದ್ದೆಯ ಆಟಗಳಿವೆ. ಕಾಲೇಜುಗಳಿಗೆ ಬೇಕಾದದ್ದು ಶೀಟು ಹೊದಿಸಿದ, ಗೋಡೆಯಿಲ್ಲದ ಒಂದು ದೊಡ್ಡ ಅಂಗಳ. ಅದು ಮಳೆಯಲ್ಲಿ ಆಟಕ್ಕೆ, ವಿರಾಮದಲ್ಲಿ ಬುತ್ತಿ ಬಿಚ್ಚಲು, ವಿಪತ್ತಿನ ವರ್ಷದಲ್ಲಿ ಊರವರಿಗೆ ಆಸರೆಯಾಗಲು ಒದಗುತ್ತದೆ. 2018ರಲ್ಲಿ ಮನೆ ಕಳೆದುಕೊಂಡವರು ಪರಿಹಾರ ಕೇಂದ್ರಗಳೆಂದು ಬಂದು ತಂಗಿದ್ದು ಶಾಲೆಗಳು, ಸಭಾಭವನಗಳು ಮೊದಲಾದ ಕಟ್ಟಡಗಳಲ್ಲೇ.

ಇದೆಲ್ಲ ಗೊತ್ತಿದ್ದೂ ನಾವು ಯಾಕೆ ಕರಿಕಲ್ಲಿನ ಸ್ವಾಗತ ಕಟ್ಟೆಯನ್ನೇ ಕಟ್ಟುತ್ತೇವೆ ಎಂದರೆ, ಅಂಕ ಬರುವುದು ಅಲ್ಲಿ. ಕಾಲೇಜುಗಳಿಗೆ ಶ್ರೇಣಿ ಕೊಡುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಏಳು ಮಾನದಂಡಗಳಲ್ಲಿ ನಾಲ್ಕನೆಯದು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲಗಳದ್ದು. ಪ್ರೊಜೆಕ್ಟರ್ ಇರುವ ಕೊಠಡಿಗಳೆಷ್ಟು, ಕಂಪ್ಯೂಟರುಗಳೆಷ್ಟು, ಗ್ರಂಥಾಲಯಕ್ಕೆ ಮಾಡಿದ ವೆಚ್ಚವೆಷ್ಟು ಎಂದು ಅದು ಕೇಳುತ್ತಿತ್ತು. ಆ ಪ್ರೊಜೆಕ್ಟರ್ ಜುಲೈನಲ್ಲಿ ಉರಿಯುತ್ತದೆಯೇ, ಆ ಪುಸ್ತಕಗಳು ಒಣಗಿವೆಯೇ ಎಂದು ಕೇಳುವ ಕಾಲಂ ಇರಲಿಲ್ಲ. ನಮ್ಮಲ್ಲಿಗೆ ಬಂದ ತಂಡವೂ ಬಂದದ್ದು ಬೇಸಿಗೆಯಲ್ಲಿ. ಅವರು ಆವರಣದ ಹಸಿರನ್ನು ಮನಸಾರೆ ಹೊಗಳಿದರು.

ಹಾಗೆಂದು ಎಲ್ಲವೂ ಕೈಮೀರಿದ ಸಂಗತಿಯಲ್ಲ. ಸಮಿತಿಯಲ್ಲಿ ನಾನು ಈಗ ಹಟ ಹಿಡಿದಿರುವುದು ಗುತ್ತಿಗೆ ಪತ್ರದ ಒಂದು ಸಾಲಿನ ಬಗ್ಗೆ. ಕಟ್ಟಡ ಹಸ್ತಾಂತರವಾದ ಮೇಲೆ ನಿರ್ದಿಷ್ಟ ಅವಧಿಯವರೆಗೆ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕು, ಅಲ್ಲಿಯವರೆಗೆ ಅವರ ಭದ್ರತಾ ಠೇವಣಿ ನಮ್ಮಲ್ಲಿರುತ್ತದೆ. ಆ ಅವಧಿಯನ್ನು ಹನ್ನೆರಡು ತಿಂಗಳೆಂದು ಬರೆದರೆ ಅಕ್ಟೋಬರಿನಲ್ಲಿ ಹಸ್ತಾಂತರವಾದ ಕಟ್ಟಡ ಒಂದೇ ಮಳೆಗಾಲ ಕಾಣುತ್ತದೆ. ಆ ಮಳೆಯಲ್ಲಿ ಸೋರಿದ್ದನ್ನು ಗುತ್ತಿಗೆದಾರರು ಬಂದು ಬಳಿದು ಹೋಗುತ್ತಾರೆ, ಬಳಿದದ್ದು ನಿಂತಿತೇ ಎಂದು ತಿಳಿಯುವ ಮೊದಲೇ ಠೇವಣಿ ವಾಪಸಾಗಿರುತ್ತದೆ. ಆದ್ದರಿಂದ ತಿಂಗಳ ಲೆಕ್ಕ ಬಿಟ್ಟು ಎರಡು ಪೂರ್ಣ ಮಳೆಗಾಲಗಳೆಂದು ಬರೆಯಿರಿ ಎಂದು ಕೇಳಿದ್ದೇನೆ. ಲೆಕ್ಕಪತ್ರ ವಿಭಾಗದವರು ಮಳೆಗಾಲ ಎಂದರೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಲಿಖಿತವಾಗಿ ಸ್ಪಷ್ಟನೆ ಕೇಳಿದ್ದಾರೆ. ಜೂನ್ 1ರಿಂದ ಸೆಪ್ಟೆಂಬರ್ 30 ಎಂದು ಬರೆದು ಕಳಿಸಿದ್ದೇನೆ. ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು.